ಹಳೇ ವಿಳಾಸ

ಒಣಶೆಟ್ಲಿ, ಎರಡು ಕಿಲೋ.
ಹೋಗಬೇಕಾದ್ದು ಧಾರವಾಡಕ್ಕೆ,
ಸಪ್ತಾಪುರದ ನರ್ಸ್ ಫಿಲೋಮಿನಾ ಬಾಯಿಗೆ.
ತದಡಿಯಿಂದ ನಾವು ಕಳಿಸಿದ ಮೊದಲ ಪಾರ್ಸೆಲ್ಲು.
ದೋಣಿಯಲ್ಲಿ ತುಳಸು ಅದನ್ನು ಎದೆಗವಚಿಕೊಂಡು ಕೂತಳು,
ಚುಚ್ಚುಮದ್ದಿಗೆ ಒಯ್ಯುವ ಮಗುವಿನ ಹಾಗೆ.

ಪೆಟ್ಟಿಗೆ ಹಳೆಯದು.
ಬೋಟಿನ ನೀರಿನ ಪಂಪು ಅದರೊಳಗೆ ಕೂತು ಮಲ್ಪೆಗೆ ಹೋಗಿತ್ತು,
ರಿಪೇರಿಯಾಗಿ ಅದರಲ್ಲೇ ಮರಳಿತ್ತು.
ಗಟ್ಟಿ ರಟ್ಟು, ಬಿಸಾಡುವುದು ಯಾಕೆ ಎಂದವಳು ನಾನೇ.
ಎಪ್ಪತ್ತು ರೂಪಾಯಿ ಉಳಿತಾಯ ಎಂದು
ಲೆಕ್ಕದ ಪಟ್ಟಿಯಲ್ಲಿ ಬರೆದವಳೂ ನಾನೇ.

ಭರತದ ಹೊತ್ತು.
ದೋಣಿಯ ಅಂಚು ಹಾರಿ ಒಂದು ಬೊಗಸೆ ನೀರು
ಸ್ಕೆಚ್ ಪೆನ್ನಿನ ಅಕ್ಷರಗಳ ಮೇಲೆ ಬಿತ್ತು.
ಧಾರವಾಡದ ‘ಧಾ’ ಕರಗಿ ನೀಲಿ ಮೀಸೆಯಾಯಿತು.
ಸೆರಗಿನಿಂದ ಒತ್ತಿದಳು ತುಳಸು,
ಸೆರಗಿಗೂ ಒಂದಿಷ್ಟು ಧಾರವಾಡ ಹತ್ತಿತು.
ಓದಬಹುದಲ್ಲ, ಅಂದೆ.
ಅಲ್ಲಿ ಏನಿದೆಯೆಂದು ನಮಗೆ ಗೊತ್ತಿತ್ತು, ಓದಿತು.

ಕುಮಟೆಯಲ್ಲಿ ವಿಠೋಬ ಶಾನಭಾಗರು
ತಕ್ಕಡಿಗೂ ಮೊದಲು ಟೇಪು ಹಿಡಿದರು
ಉದ್ದ, ಅಗಲ, ಎತ್ತರ, ರವಿಕೆಗೆ ಅಳತೆ ತಕ್ಕೊಂಡ ಹಾಗೆ.
ಒಳಗೆ ಅಲ್ಲಾಡುತ್ತದೆ, ಕಿವಿಗಿಟ್ಟು ನೋಡಿ, ಅಂದರು.
ಹಳೇ ಪೇಪರು ತುರುಕಿದ್ದೆವು. ಆದರೂ ಅಲ್ಲಾಡಿತು.
“ಎರಡು ಕಿಲೋ ಶೆಟ್ಲಿ, ಐದು ಕಿಲೋ ಗಾಳಿ.
ಏಳರ ದುಡ್ಡು ಕೊಡಿ.”

ಬಂದರಿನವರು ನಾವು, ಗಾಳಿಯ ಲೆಕ್ಕ ಗೊತ್ತು:
ಬೀಸಿದರೆ ಬೋಟಿಲ್ಲ, ಬಿಟ್ಟರೆ ಉಂಟು.
ಅದನ್ನು ರಟ್ಟಿನೊಳಗೆ ಹಿಡಿದು
ದುಡ್ಡು ಕೊಟ್ಟು ಘಟ್ಟ ಹತ್ತಿಸಲು ಹೊರಟದ್ದು ಅದೇ ಮೊದಲು.

ಮೂರು ದಿನ. ಐದು ದಿನ.
ಫಿಲೋಮಿನಾ ಬಾಯಿ ಬೈಯಲಿಲ್ಲ.
“ಸುಂಗ್ಟಾಂ ಅಂತ ಹೆಸರು ಬಾಯಲ್ಲಿದೆ ಮಗಾ, ಬಟ್ಟಲಲ್ಲಿಲ್ಲ” ಅಂದರು.
ಬೈದಿದ್ದರೆ ವಾಸಿಯಿತ್ತು.

ಒಂಬತ್ತನೆಯ ದಿನ ಬೇರೆ ನಂಬರು.
ಮಲ್ಪೆ. ವಾಮನ ಕುಂದರ್, ವರ್ಕ್‌ಶಾಪು.
“ಪಂಪು ಪುನಃ ಹಾಳಾಯ್ತಾ ಅಂತ ಬಿಚ್ಚಿದೆವು ಅಕ್ಕಾ.
ನೋಡಿದರೆ ಎಟ್ಟಿ.”
ಹಿಂದಿನಿಂದ ಯಾರೋ ನಕ್ಕರು.
“ಹುಡುಗರು ಒಂದು ಪೊಟ್ಟಣ ಚಟ್ನಿ ಮಾಡಿಬಿಟ್ಟರು.
ಚಂದ ಉಂಟು.”

ಪೆಟ್ಟಿಗೆಯ ಮಗ್ಗುಲಲ್ಲಿ ಪಂಪಿನ ಚೀಟಿ ಹಾಗೇ ಇತ್ತಂತೆ,
ಅಚ್ಚಿನ ಅಕ್ಷರ, ಮೇಲೆ ಟೇಪು, ಒಂದು ಹನಿ ತಾಗದೆ.
ಹೊಸದರ ಮಾತು ತೊದಲಿತು,
ಹಳೆಯದು ಸ್ಪಷ್ಟ ಹೇಳಿತು, ಪೆಟ್ಟಿಗೆ ಕೇಳಿತು.
ನಮ್ಮ ಹೆಸರು ಎಲ್ಲೂ ಬರೆದಿರಲಿಲ್ಲ,
ಕಳಿಸಿದವರು ಯಾರೆಂದು ಯಾರಿಗೆ ಬೇಕು ಅಂತ.
ಕಾಪಾಡಿದ್ದು ಒಳಗೆ ತುಳಸು ಇಟ್ಟ ತುಂಡು ಕಾಗದ:
‘ಹುರಿಯುವ ಮೊದಲು ತಲೆ ತೆಗೆಯಿರಿ’
ಕೆಳಗೆ ಫೋನ್ ನಂಬರು.

ಈಗ ರಾತ್ರಿ ಊಟವಾದ ಮೇಲೆ ಬಿಸಿನೀರು, ಮೊಂಡು ಚೂರಿ.
ಚೀಟಿ ಸುಮ್ಮನೆ ಏಳುವುದಿಲ್ಲ,
ರಟ್ಟಿನ ತೊಗಲನ್ನೂ ಕಿತ್ತುಕೊಂಡೇ ಬರುತ್ತದೆ.
ಕಿತ್ತ ಜಾಗ ಒರಟು, ಬೆರಳಿಗೆ ಗೊತ್ತಾಗುತ್ತದೆ.

ನನ್ನ ಆಧಾರ್ ಕಾರ್ಡಿನಲ್ಲಿ ಇನ್ನೂ ಅಘನಾಶಿನಿಯೇ.
ಹೊಳೆ ದಾಟಿ ಈ ದಡಕ್ಕೆ ಬಂದು ಹದಿನಾಲ್ಕು ವರ್ಷ.
ನನ್ನ ಹೆಸರಿನ ಟಪಾಲು ಅಣ್ಣನ ಮನೆಗೆ ಹೋಗುತ್ತದೆ,
ಅವನು ಒಡೆದು ನೋಡಿ ಎತ್ತಿಡುತ್ತಾನೆ,
ಕೆಲವನ್ನು ಎತ್ತಿಡುವುದಿಲ್ಲ.
ಅದನ್ನೂ ಬಿಸಿನೀರಿಗೆ ಹಾಕುವನಾ, ಅಂತಾಳೆ ತುಳಸು.

ಫಿಲೋಮಿನಾ ಬಾಯಿಗೆ ನಾಳೆ ಇನ್ನೊಂದು ಹೊರಡುತ್ತದೆ.
ಚಿಕ್ಕ ಪೆಟ್ಟಿಗೆ, ಒಳಗೆ ಪ್ಲಾಸ್ಟಿಕ್ಕು, ಎರಡು ಸುತ್ತು.
ಕಿವಿಗಿಟ್ಟು ನೋಡಿದೆ. ಮತ್ತೊಮ್ಮೆ ನೋಡಿದೆ.
‘ಇಂದ’ ಎಂದು ಬರೆದು, ನನ್ನ ಹೆಸರು ಬರೆದು,
ಊರಿನ ಹತ್ತಿರ ಪೆನ್ನು ಸ್ವಲ್ಪ ನಿಂತಿತು.

ತದಡಿ, ಅಂದಳು ತುಳಸು,
ಹಲ್ಲಿನಲ್ಲಿ ಟೇಪು ಹರಿಯುತ್ತಾ.