ಮೂವತ್ತೊಂದನೆಯ ಸಾಲಿನ ಚೌಕ

ಲಿಯೆಪಾಯಾ ಊರಿಗೆ ಇರುವುದು ಒಂದೇ ಟ್ರಾಮ್ ದಾರಿ.
ಹತ್ತೊಂಬತ್ತು ವರ್ಷ ಅದರ ಮೇಲೆಯೇ ಹೋಗಿ ಬಂದವಳು ನಾನು,
ಎಡವೋ ಬಲವೋ ಎಂದು ಕೇಳಿದವರಿಲ್ಲ,
ಕಂಬಿ ಕೇಳುವುದಿಲ್ಲ.
ಈಗ ರಾತ್ರಿ ಹತ್ತಕ್ಕೆ, ಅಡುಗೆಮನೆಯ ಮೇಜಿನಲ್ಲಿ,
ಕಂತಿನ ಮೇಲೆ ತಂದ ಲ್ಯಾಪ್‌ಟಾಪಿನೆದುರು
ಹನ್ನೊಂದು ಕಿಟಕಿ ತೆರೆದು ಕೂತಿದ್ದೇನೆ,
ಒಂದೊಂದೂ ತನ್ನ ದಾರಿಯೇ ದಾರಿ ಅನ್ನುತ್ತಿದೆ.

ಆಗಬೇಕಾದದ್ದು ಇಷ್ಟೇ:
ಸ್ಕೈದ್ರೀತೆ ಚಿಕ್ಕಮ್ಮನ ಚೌಕಳಿ ಪುಸ್ತಕದೊಳಗಿನ
ಕೈಗವಸಿನ ನಕ್ಷತ್ರವೊಂದನ್ನು
ಬಟ್ಟೆಚೀಲದ ಮೇಲೆ ಕೂರಿಸಬೇಕು.
ಚೀಲ ನನ್ನಲ್ಲಿಲ್ಲ. ಶಾಯಿಯಿಲ್ಲ, ಉಗ್ರಾಣವಿಲ್ಲ.
ಯಾರಾದರೂ ಬೇಕೆಂದ ಮೇಲೆ, ಬೇಕೆಂದಷ್ಟೇ,
ರೀಗಾದಾಚೆಯ ಶೆಡ್ಡಿನಲ್ಲಿ ಯಂತ್ರ ಅಚ್ಚೊತ್ತಿ ಕಳಿಸುತ್ತದೆ.
ಹಸಿವಾದ ಮೇಲೆ ಒಲೆ ಹಚ್ಚುವ ವ್ಯಾಪಾರ.

ಒಂದು ಸಾಧನ ಬಾಡಿಗೆಯದು.
ತಿಂಗಳಿಗೆ ಇಪ್ಪತ್ತಾರು ಯೂರೋ,
ಎರಡು ವಾರದ ರೊಟ್ಟಿ, ಹಾಲು.
ಅದರ ಲೇಖನಿ ಎಂಥ ಬಳುಕಿನ ಗೆರೆ ಎಳೆಯುತ್ತದೆ!
ಗೋಡೆಯಷ್ಟು ಹಿಗ್ಗಿಸಿದರೂ ಅಂಚು ಒಡೆಯದು.
ಬಾಡಿಗೆ ತಪ್ಪಿದ ದಿನ ಮಾತ್ರ
ನನ್ನ ಚಿತ್ರವೇ ನನಗೆ ಬಾಗಿಲು ತೆಗೆಯುವುದಿಲ್ಲವಂತೆ.
ಅಲ್ಲದೆ, ಚಿಕ್ಕಮ್ಮನ ನಕ್ಷತ್ರದಲ್ಲಿ
ಬಳುಕುವ ಗೆರೆ ಒಂದೂ ಇಲ್ಲ.

ಇನ್ನೊಂದರಲ್ಲಿ ಎಲ್ಲ ಸಿದ್ಧ: ಎಲೆ, ಗೂಬೆ, ಕಾಫಿಯ ಬಗ್ಗೆ ಜೋಕು.
ಎಳೆದು ಬಿಟ್ಟರೆ ಸಾಕು.
ಷರತ್ತು ಓದಿದೆ, ಕನ್ನಡಕ ಒರೆಸಿ ಮತ್ತೆ ಓದಿದೆ:
ಇದ್ದ ಹಾಗೆ ಮಾರಕೂಡದು, ಬದಲಿಸಿ ಮಾರಬಹುದು.
ಎಷ್ಟು ಬದಲಿಸಬೇಕೆಂದು ಬರೆದಿರಲಿಲ್ಲ.

ಮಹಡಿಯ ಹುಡುಗ ರೆನಾರ್ಸ್ ಬಂದು
'ಬೇಕಾದ್ದು ಬರೆಯಿರಿ ವಿಜ್ಮಾ, ಅದೇ ಬಿಡಿಸುತ್ತೆ' ಎಂದ.
ಬರೆದೆ. ನಾಲ್ಕು ಉಸಿರಿನಲ್ಲಿ ಬಂತು
ಮಿರಮಿರ ಮಿಂಚುವ ಉಣ್ಣೆ, ಏಳು ಮೊನೆಯ ನಕ್ಷತ್ರ,
ಎರಡೂ ಬದಿಗೆ ಹೆಬ್ಬೆರಳಿದ್ದ ಗವಸು.
ಇಬ್ಬರೂ ನಕ್ಕೆವು. ಅವನು ಸ್ವಲ್ಪ ಕಡಿಮೆ ನಕ್ಕ.

ಅಳೆದೂ ಸುರಿದೂ ಕೊನೆಗೆ ಉಳಿದದ್ದು ಪುಕ್ಕಟೆಯದು.
ಯಾರೋ ಬಿಡುವಿನಲ್ಲಿ ಕಟ್ಟಿದ್ದು, ಗುಂಡಿಗಳು ಎಲ್ಲೆಂದರಲ್ಲಿ.
ಚೌಕ ಬಿಟ್ಟು ಬೇರೇನೂ ಅದಕ್ಕೆ ಗೊತ್ತಿಲ್ಲ,
ಹಿಗ್ಗಿಸಿದರೆ ಅಂಚೆಲ್ಲ ಮೆಟ್ಟಿಲು ಮೆಟ್ಟಿಲು.
ಅದೇ ಅದರ ದೋಷವಂತೆ.
ನನಗೆ ಬೇಕಾದದ್ದೇ ಮೆಟ್ಟಿಲು:
ಒಂದು ಚೌಕ, ಒಂದು ಹೆಣಿಕೆ,
ಒಂದು ಚೌಕ, ಒಂದು ಹೆಣಿಕೆ,
ಕಡ್ಡಿಯಿಲ್ಲದ ಬೆರಳು ತಾನೇ ಎಣಿಸತೊಡಗಿತು.

ಮಾದರಿ ಚೀಲ ಬಂತು.
ಪರದೆಯ ಮೇಲಿನ ಕೆಂಡದ ಕೆಂಪು ಬಟ್ಟೆಗಿಳಿದು ಹಳೆ ಇಟ್ಟಿಗೆಯಾಗಿತ್ತು.
ನಕ್ಷತ್ರದ ಸುತ್ತ ಬ್ಯಾಂಡೇಜಿನಂಥ ಬಿಳಿ ತುಂಡು,
ಹಿನ್ನೆಲೆ ಅಳಿಸುವುದನ್ನು ಮರೆತಿದ್ದೆ.
ಆ ಚೀಲದಲ್ಲಿ ಈಗ ಆಲೂಗಡ್ಡೆ ಇದೆ.

ಎರಡನೆಯ ಸಲಕ್ಕೆ ಕೂತಾಗ ಕಂಡದ್ದು:
ಮೂವತ್ತೊಂದನೆಯ ಸಾಲಿನಲ್ಲಿ ಒಂದು ಚೌಕ ಹೆಚ್ಚು ತುಂಬಿದೆ,
ಎಡಕ್ಕಿದೆ, ಅದರ ಜೋಡಿ ಬಲಕ್ಕಿಲ್ಲ.
ಹದಿನಾರು ಪಟ್ಟು ಹಿಗ್ಗಿಸಿದೆ.
ಪೆನ್ಸಿಲಾದರೂ ಚಹಾದ ಕಲೆಯಾದರೂ
ಅಷ್ಟು ಹತ್ತಿರದಿಂದ ಒಂದೇ ಬೂದು.
ಚಿಕ್ಕಮ್ಮ ಕುಡಿಯುತ್ತಲೇ ಬರೆಯುವವಳು,
ಬರೆಯುತ್ತಲೇ ಬೈಯುವವಳು,
ಕೇಳೋಣವೆಂದರೆ ಹೋಗಿ ಆರು ವರ್ಷ.
ಕಪಾಟು ಹುಡುಕಿ ಹಳೆ ಗವಸು ತೆಗೆದೆ,
ಸಾಲು ಎಣಿಸಿದೆ. ಇಪ್ಪತ್ತೊಂಬತ್ತು, ಮೂವತ್ತು.
ಅಲ್ಲೇ ನುಸಿ ತಿಂದಿದೆ.

ಎಡಬಲ ಸರಿದೂಗಿಸುವ ಗುಂಡಿಯೊಂದು ಈ ಸಾಧನದಲ್ಲೂ ಇದೆ.
ಒತ್ತಿ ಒಂದನ್ನು ಉಳಿಸಿದೆ.
ಒತ್ತದೆ ಇನ್ನೊಂದನ್ನು.
ಎರಡನ್ನೂ ಅಂಗಡಿಗೆ ಹಾಕಿ ಮಲಗಿದೆ.

ಒಂಬತ್ತು ದಿನಕ್ಕೆ ಮೊದಲ ಬೇಡಿಕೆ,
ಹೆಸರೇ ಕೇಳಿರದ ಊರಿಂದ, ಚೀಲ ಒಂದು.
ಕೊಂಡಾಕೆ ಎರಡನೆಯದನ್ನೇ ಆರಿಸಿದ್ದಾಳೆ,
ಯಾಕೆಂದು ಬರೆದಿಲ್ಲ.
ಚಿಕ್ಕಮ್ಮನ ಹೆಣಿಕೆಯನ್ನೋ, ಚಹಾದ ಕಲೆಯನ್ನೋ
ಅವಳು ಹೆಗಲಿಗೇರಿಸಿ ಸಂತೆಗೆ ಹೋಗುತ್ತಾಳೆ.

ಲಾಭ ಮೂರು ಯೂರೋ ನಲವತ್ತು.
ಐದು ಹತ್ತಕ್ಕೆ ಮೊದಲ ಟ್ರಾಮ್.
ಗವಸು ಹಾಕಿಕೊಂಡೆ, ನುಸಿ ತಿಂದ ತೂತಿನಿಂದ ಗಾಳಿ.