ಕಾರಣ: ಇತರೆ

ನೀವು ಕಳಿಸಿದ ಫಾರ್ಮಿನ ಕೊನೆಗೆ ಒಂದು ಪ್ರಶ್ನೆ ಇದೆ:
ನಮ್ಮಲ್ಲಿಗೆ ಯಾಕೆ ಬರುತ್ತಿಲ್ಲ?
ಹಣ. ದೂರ. ಮನೆಯವರು. ಬೇರೆ ಕಾಲೇಜು. ಇತರೆ.
ಇತರೆಯ ಎದುರಿಗಿರುವ ಡಬ್ಬಿಯಲ್ಲಿ
ಇನ್ನೂರೈವತ್ತು ಅಕ್ಷರ ಹಿಡಿಯುತ್ತವಂತೆ.
ಒತ್ತಕ್ಷರವನ್ನು ಒಂದೆಂದು ಎಣಿಸುತ್ತೀರೋ ಎರಡೆಂದೋ
ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ.

ಹಣವಲ್ಲ.
ನೀವೂ ಅವರೂ ಅಷ್ಟಷ್ಟೇ ಕೊಟ್ಟಿರಿ: ಓದು, ಊಟ, ಹಾಸಿಗೆ,
ವರ್ಷಕ್ಕೊಮ್ಮೆ ವಿಮಾನ.
ಒಬ್ಬರು ಸಾವಿರ ಡಾಲರ್ ಕಡಿಮೆ ಅಂದಿದ್ದರೂ
ಆ ರಾತ್ರಿ ನೆಮ್ಮದಿಯಾಗಿ ಮಲಗಿರುತ್ತಿದ್ದೆವು.
ನಮ್ಮ ಮನೆಯಲ್ಲಿ ಇದುವರೆಗೆ
ಎಲ್ಲವನ್ನೂ ಆರಿಸಿದ್ದು ಬೆಲೆಯೇ:
ಸೀರೆಯನ್ನ, ಶಾಲೆಯನ್ನ, ಮಾತ್ರೆಯ ಕಂಪನಿಯನ್ನ,
ಅಕ್ಕನಿಗೆ ಬಂದ ಎರಡು ಸಂಬಂಧಗಳಲ್ಲಿ ಒಂದನ್ನ.
ಬೆಲೆಯೇ ಬಾಯಿ ಮುಚ್ಚಿದ ಮೇಲೆ
ಇನ್ಯಾರನ್ನ ಕೇಳಬೇಕೋ ನಮಗೆ ಹೊಳೆಯಲಿಲ್ಲ.

ಬೀದಿಯನ್ನೇ ಕೇಳಿದೆವು.
'ಆರ್ಟ್ಸಾ?' ಅಂದರು ಮೆಡಿಕಲ್ ಸ್ಟೋರಿನ ಬಕ್ಕೇಶಪ್ಪ,
'ತೊಂಬತ್ತೇಳು ಪರ್ಸೆಂಟು ಐತಿ ಅಂತಿದ್ರಿ?
ಆರ್ಟ್ಸ್ ಓದಾಕೆ ಅಷ್ಟು ದೂರ ಯಾಕೆ ತಾಯಿ,
ಹೈಸ್ಕೂಲ್ ಫೀಲ್ಡ್ ಹತ್ರಾನೇ ಸೀಟು ಖಾಲಿ ಬಿದ್ದಾವೆ.'
ಎರಡು ವರ್ಷ ಏನೂ ತೀರ್ಮಾನಿಸದೆ
ಗಣಿತ, ಶಿಲ್ಪ, ಇತಿಹಾಸ, ಎಲ್ಲದರ ರುಚಿ ನೋಡಬಹುದು ಅಂದರೆ
ಭಟ್ಟಿಯ ಬುಡೇನ್ ಸಾಬರು ಗಡ್ಡ ಕೆರೆದುಕೊಂಡು
'ತೀರ್ಮಾನ ಮಾಡದೇ ಇರಾಕೂ ರೊಕ್ಕ ಕೊಡ್ತಾರಾ?
ಒಳ್ಳೇ ಊರು ಬಿಡು' ಅಂದರು.

ಎರಡೂ ಕಾಲೇಜಿನ ಪುಸ್ತಕ ಪಕ್ಕಪಕ್ಕ ಇಟ್ಟೆ.
ಅದೇ ಕೆಂಪೆಲೆಯ ಮರ. ಅದರ ಕೆಳಗೆ
ಅದೇ ನಾಲ್ವರು ನಗುತ್ತಿದ್ದಾರೆ,
ಒಬ್ಬಳು ನನ್ನ ಬಣ್ಣದವಳು.
ನಿಮ್ಮ ಚಿತ್ರದಲ್ಲಿ ಎಡಕ್ಕೆ ಕೂತಿದ್ದಾಳೆ, ಅವರದರಲ್ಲಿ ಬಲಕ್ಕೆ.

ಆದರೆ ನಿಮ್ಮಲ್ಲಿ ಮರಳಿನ ಪಾಠವಿತ್ತು.
ಮರಳು ಹೇಗೆ ಕೂರುತ್ತದೆ, ಯಾವಾಗ ನೀರಿನಂತೆ ಹರಿಯುತ್ತದೆ,
ಒಂದು ಸೆಮಿಸ್ಟರ್ ಪೂರ್ತಿ.
ನನ್ನ ಪ್ರಬಂಧ ಓದಿ ನೀವು ಕೈಯಾರೆ ಬರೆದ ಕಾರ್ಡು ಬಂತು:
ನಿನ್ನ ತಾಯಿ ಬಾಣಲೆಯ ಮರಳಿನ ಕಾವನ್ನು
ಕಿವಿಯಿಂದಲೇ ತಿಳಿಯುತ್ತಾರೆಂದು ಬರೆದಿದ್ದೀಯ,
ಬಾ, ಅದನ್ನು ಅಳೆಯೋಣ.
ಅವ್ವನಿಗೆ ಓದಿ ಹೇಳಿದೆ.
ಬೆಳಗಿನ ನಾಲ್ಕರ ಪಾಳಿ ಮುಗಿಸಿ ಬಂದು
ಹುಬ್ಬಿನ ಮಸಿ ಒರೆಸಿಕೊಳ್ಳುತ್ತಿದ್ದಳು.
ನಕ್ಕಳು. ಆಮೇಲೆ ನಗು ನಿಲ್ಲಿಸಿ,
'ಮರಳು ನಾನು ಕಲಿಸ್ತೀನಿ.
ಮಂಡಕ್ಕಿ ಅರಳೋ ಹೊತ್ತಿಗೆ ಅದು ಹೆಂಗೆ ಉಸ್ ಅಂತತಿ ಅಂತ
ಕೇಳಾಕೆ ನೀನೇ ಒಂದಿನಾನೂ ಬಂದು ಕೂರಲಿಲ್ಲ.
ಅಲ್ಲಿಗೆ ಹೋಗಿ ಅದನ್ನ ಓದ್ತೀಯಾ?'

ಬೈದಳೋ, ದಾರಿ ಬಿಟ್ಟಳೋ, ಇನ್ನೂ ಗೊತ್ತಿಲ್ಲ.

ಅವರಲ್ಲಿ ಮರಳಿಲ್ಲ.
ಈಗ ಯಾರೂ ಆಡದ ಒಂದು ಭಾಷೆಯ ತರಗತಿ ಇದೆ,
ಕಳೆದ ವರ್ಷ ಸೇರಿದವರು ಮೂವರು.
ಯಾಕೆ ಬೇಕು ಅಂದರೆ ನನ್ನ ಹತ್ತಿರ ಉತ್ತರವಿಲ್ಲ.
ಉತ್ತರವಿಲ್ಲದ್ದೊಂದು ನನ್ನದೂ ಅಂತ ಇರಲಿ ಅನಿಸಿತು.

ನಿಮ್ಮ ಮೇ ಒಂದರ ಮಧ್ಯರಾತ್ರಿ
ನಮಗೆ ಎರಡರ ಬೆಳಿಗ್ಗೆ ಒಂಬತ್ತೂವರೆ.
ಅಶೋಕ ಟಾಕೀಸಿನ ಗೇಟು ಬಿದ್ದಿತ್ತು.
ಗೂಡ್ಸ್ ರೈಲು, ಮೂವತ್ತು ಡಬ್ಬಿ ಎಣಿಸಿ ಬಿಟ್ಟೆ.
ಒಂಬತ್ತು ಇಪ್ಪತ್ತಾರು. ಆಟೋದಲ್ಲೇ ಕೂತು ಒತ್ತಿದೆ,
ಅವರಿಗೆ ಹೌದು, ನಿಮಗೆ ಇಲ್ಲ.
ಹೌದಿಗೆ ಪರದೆಯ ತುಂಬ ಬಣ್ಣದ ಚೂರುಗಳು ಉದುರಿದವು.
ಇಲ್ಲಕ್ಕೆ ಈ ಪ್ರಶ್ನೆ ಬಂತು.

'ಧನ್ಯವಾದ' ಎಂದಷ್ಟೇ ತುಂಬಿದೆ.
ನಿಮ್ಮ ಕಾರ್ಡು ಮಂಡಕ್ಕಿ ಡಬ್ಬದಲ್ಲಿದೆ,
ಅಲ್ಲಿ ಯಾವುದೂ ಬೇಗ ಮೆತ್ತಗಾಗುವುದಿಲ್ಲ.

ಗೇಟು ಎದ್ದಿತು.
ಆ ಕಡೆಯವರೂ ಈ ಕಡೆಯವರೂ ಒಟ್ಟಿಗೇ ನುಗ್ಗಿ
ಹಳಿಯ ನಡುವೆ ಸಿಕ್ಕಿಕೊಂಡರು, ದಿನಾ ಆಗುವಂತೆ.
ಆಟೋದವನು ಇಂಜಿನ್ ಆರಿಸಿ, ಹಿಂದೆ ತಿರುಗಿ,
'ಎಲ್ಲಿಗಂದ್ರಿ?' ಅಂತ ಮತ್ತೊಮ್ಮೆ ಕೇಳಿದ.
'ಭಟ್ಟಿಗೆ' ಅಂದೆ.