ಅರ್ಕಾವತ್ತು

ಸುಲ್ತಾನ್‌ಪೇಟೆಯಲ್ಲಿ ಎರಡನೇ ಮಹಡಿ. ಕೆಳಗೆ
ದಪ್ಪ ಕಾಗದವನ್ನು ಯಂತ್ರ ಕಚಕ್ಕೆಂದು ಕಡಿದಾಗೆಲ್ಲ
ನನ್ನ ಕೀಲಿಮಣೆ ಕೂದಲೆಳೆಯಷ್ಟು ಜಿಗಿಯುತ್ತದೆ.
ಬೆಳಗಿನಿಂದ ದೇವರ ಹೆಸರು ಟೈಪು ಮಾಡುತ್ತೇನೆ,
ಶ್ರೀ ಚೌಡೇಶ್ವರಿ ಪ್ರಸನ್ನ, ಶ್ರೀ ವೀರಭದ್ರೇಶ್ವರ ಪ್ರಸನ್ನ.
ಫರ್ಜಾನಾ ಕೂತರೆ ಒಂದು ಒತ್ತಕ್ಷರವೂ ತಪ್ಪಲ್ಲ
ಅನ್ನುತ್ತಾರೆ ಮಾಲೀಕರು ಗುಂಡೂಸಾ, ಸಂಬಳ ಕೇಳದ ದಿನಗಳಲ್ಲಿ.

ಹಿಂದೆ ಕರಡು ಹಿಡಿದು ಹುಡುಗನೊಬ್ಬ ಸೈಕಲ್ಲಿನಲ್ಲಿ ಹೋಗುತ್ತಿದ್ದ.
ಕೆಂಪು ಇಂಕಿನ ಜೊತೆ ಕಾಫಿ ಲೋಟದ ಉಂಗುರ,
ಅರಿಶಿನದ ಬೆರಳು ವಾಪಸು ಬರುತ್ತಿದ್ದವು.
ಈಗ ಒಂದು ಲಿಂಕು.
ಕಬ್ಬನ್‌ಪೇಟೆ, ಕೆಂಗೇರಿ, ದುಬೈ,
ಎಲ್ಲರೂ ಒಂದೇ ಹಾಳೆಯ ಮೇಲೆ ಬಂದು ಕೂರುತ್ತಾರೆ,
ಒಬ್ಬೊಬ್ಬರಿಗೆ ಒಂದು ಬಣ್ಣದ ಕಡ್ಡಿ,
ಮಿಣುಕು ಮಿಣುಕು.

ಸಿಂಚನಾ ಮದುವೆಯ ಫೈಲು.
ನೇರಳೆ ಕಡ್ಡಿ ದೊಡ್ಡಪ್ಪನದು; ಹಸಿರು, ಗಂಡಿನ ಕಡೆ.
ಊಟದ ಹೊತ್ತು ಹನ್ನೆರಡೂವರೆಗೆ ಹೋಯಿತು, ಹನ್ನೆರಡಕ್ಕೆ ಬಂತು.
‘ಉಡುಗೊರೆಗಳು ಬೇಡ’ ಎಂದು ಯಾರೋ ಬರೆದರು,
ಮೂರು ನಿಮಿಷದಲ್ಲಿ ಯಾರೋ ಅಳಿಸಿದರು.

ಹೆಸರು ಹೇಳದೆ ಒಳಗೆ ಬಂದವರಿಗೆ
ಯಂತ್ರವೇ ಒಂದು ಪ್ರಾಣಿಯ ಹೆಸರಿಡುತ್ತದೆ.
ಸೀಸನ್ನಿನಲ್ಲಿ ನಾನು ಮನೆಯಲ್ಲೂ ಫೈಲು ಮುಚ್ಚುವುದಿಲ್ಲ,
ರಾತ್ರಿ ಒಂದೂ ನಲವತ್ತಕ್ಕೆ
ಅನಾಮಿಕ ಆಮೆ ಬಂತು.
ಹೆಣ್ಣಿನ ತಂದೆತಾಯಿಯರ ಸಾಲಿಗೆ ಹೋಗಿ ನಿಂತಿತು,
ಶ್ರೀಮತಿ ಇಂದುಕಲಾ ಮತ್ತು ಶ್ರೀ ನಾಗಭೂಷಣ ಅವರ ಮಗಳು ಅನ್ನುವ ಕಡೆ.
ಹತ್ತು ನಿಮಿಷ ಮಿಣುಕಿತು. ಆಮೇಲೆ ಒಂದೊಂದೇ ಅಕ್ಷರ,
ಹೊಸದಾಗಿ ಕಲಿತವರ ಹಾಗೆ:
ದಿ. ಸರ್ವಮಂಗಳ.

ಬೆಳಗ್ಗೆ ನೇರಳೆ ಕಡ್ಡಿ ಅದನ್ನು ತೆಗೆಯಿತು.
ಪಕ್ಕದಲ್ಲಿ ಚೀಟಿ: ಶುಭಪತ್ರಿಕೇಲಿ ಹೋದವರು ಬೇಡ.
ಹೋದವಳ ಹೆಸರಿನಲ್ಲೇ ಮಂಗಳ ಇತ್ತಲ್ಲ, ಸಾರ್
(ಇದನ್ನು ನಾನು ಬರೆಯಲಿಲ್ಲ).

ಮರುರಾತ್ರಿ ಅದೇ ಕೈ, ನರಿಯ ವೇಷದಲ್ಲಿ.
ಮಗಳೇ ಇರಬೇಕು ಅಂದುಕೊಂಡೆ.
ನಿದ್ದೆ ಬಾರದ ಮದುವೆ ಹುಡುಗಿ, ತಾಯಿ ಇಲ್ಲದವಳು,
ಮನಸ್ಸಿನಲ್ಲೇ ಒಂದು ಕಥೆ ಹೊಲಿದೂ ಬಿಟ್ಟೆ.
ಅಷ್ಟರಲ್ಲಿ ನರಿ ಬರೆಯಿತು: ದಿ. ಸರ್ವಮಂಗಳಕ್ಕ.
ನಿಂತಿತು.
ಹಿಂದೆ ಸರಿದು
‘ಕ್ಕ’ ಒಂದನ್ನು ಮಾತ್ರ ಅಳಿಸಿತು.

ನನ್ನ ಹೊಲಿಗೆಯೆಲ್ಲ ಬಿಚ್ಚಿಕೊಂಡಿತು.
ಯಾವ ಮಗಳು ತಾಯಿಯನ್ನು ಅಕ್ಕ ಅನ್ನುತ್ತಾಳೆ?
ಇಂದುಕಲಾ ಎಂಬ ಹೆಸರಿನ ಪಕ್ಕದಲ್ಲೇ
ಮಿಣುಕುತ್ತಿತ್ತು ಕಡ್ಡಿ.

ಮತ್ತೆ ಬೆಳಗ್ಗೆ ಅಳಿಸಿದರು. ಮತ್ತೆ ರಾತ್ರಿ.
ಶುಕ್ರವಾರ ದೊಡ್ಡಪ್ಪ ಫೋನು ಮಾಡಿದರು,
ಫೈನಲ್ಲಮ್ಮ, ಇನ್ನು ಲಾಕ್ ಮಾಡು.
ಮಾಡ್ತೀನಿ ಅಂದೆ. ಎದ್ದು ನೀರು ಕುಡಿದೆ.
ಬಾಟಲಿ ತುಂಬಿಸಿದೆ. ಕಿಟಕಿಯ ಧೂಳು ಒರೆಸಿದೆ.
ಹಗಲು ಹೊತ್ತಿನಲ್ಲಿ ಎಂದೂ ಬಾರದ ಪ್ರಾಣಿ
ಅವತ್ತು ಬಂತು, ಅವಸರವಾಗಿ ಬರೆಯಿತು, ಹೋಯಿತು.
ಆಗ ಒತ್ತಿದೆ: ಎಲ್ಲರಿಗೂ, ನೋಡಲು ಮಾತ್ರ.

ನಮ್ಮ ಹಳೇ ಫಾಂಟಿಗೆ ತಂದಾಗ ಅದು
ಸವರ್ಮಂಗಳ ಆಗಿತ್ತು.
ಯಾವಾಗಲೂ ಹಾಗೇ, ದಾರಿಯಲ್ಲಿ ಅರ್ಕಾವತ್ತು
ಒಂದು ಮನೆ ಮುಂದೆ ಹೋಗಿ ಕೂರುತ್ತದೆ.
ಎತ್ತಿ ತಂದು ‘ವ’ದ ಪಕ್ಕ ಕೂರಿಸಿದೆ.
ನನ್ನ ಹೆಸರಿನಲ್ಲೂ ಒಂದಿದೆ;
ರೇಷನ್ ಕಾರ್ಡಿನಲ್ಲಿ ಅದು ಇವತ್ತಿಗೂ ಪಕ್ಕದ ಮನೆಯಲ್ಲಿದೆ.

ಆರು ನೂರು ಕಾರ್ಡು.
ದೊಡ್ಡಪ್ಪ ಒಂದನ್ನು ಟ್ಯೂಬ್‌ಲೈಟಿಗೆ ಹಿಡಿದರು,
ಇದ್ಯಾರು ಹಾಕಿದ್ದು?
ಎಲ್ಲರೂ ಬರೆಯೋ ಫೈಲು ಸಾರ್, ಅಂದೆ.
ಗುಂಡೂಸಾ ರಸೀತಿ ಪುಸ್ತಕದಲ್ಲಿ ತಲೆ ಹುದುಗಿಸಿದರು.

ಜೊತೆಗೆ ಬಂದಿದ್ದ ಹೆಂಗಸು ಏನೂ ಮಾತಾಡಲಿಲ್ಲ.
ಲಕೋಟೆಗಳನ್ನು ಎಣಿಸುವ ನೆಪದಲ್ಲಿ
ಮೇಲಿನ ಕಾರ್ಡನ್ನು ಎತ್ತಿಕೊಂಡು
ಉಬ್ಬಿದ ಚಿನ್ನದ ಅಕ್ಷರಗಳ ಒಂದು ಸಾಲನ್ನು
ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು,
ಎಡದಿಂದ ಬಲಕ್ಕೆ,
‘ಳ’ ದಾಟಿದ ಮೇಲೂ ಇನ್ನೊಂದು ಅಕ್ಷರದಷ್ಟು ದೂರ.